ತಪಾಸಣೆಗೆ ನಿಂತವಳು

ಅಧ್ಯಕ್ಷತೆ ವಹಿಸಿರುವ, ನಮ್ಮ ‘ಕಾವಲುಗಣ್ಣು’ ತರಬೇತಿ ಕೇಂದ್ರದ ನಿರ್ದೇಶಕರಾದ ಶ್ರೀನಾಥ್ ಸರ್ ಅವರೇ, ಮಹದೇವಪುರದಿಂದ ಹೊರಟು ಇನ್ನೂ ಈ ಖಾಲಿ ಕುರ್ಚಿಯನ್ನು ತಲುಪದ ಮುಖ್ಯ ಅತಿಥಿಗಳಾದ ಕೆಂಪರಾಜ್ ಅವರೇ, ಇಷ್ಟು ವರ್ಷ ನನ್ನ ಬಾಯಿಯನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಗಂಭೀರವಾಗಿ ಕುಳಿತಿರುವ ನನ್ನ ಹುಡುಗಿಯರೇ, ಹಿಂದಿನ ಸಾಲುಗಳಲ್ಲಿ ಕುಳಿತು ಊಟದ ಮನೆಯ ಕಡೆಗೇ ಮೂಗು ಇಟ್ಟಿರುವ ಆತ್ಮೀಯ ಸಭಿಕರೇ, ನಿಮ್ಮೆಲ್ಲರಿಗೂ ಈ ಪ್ರೇಮಕ್ಕನ ವಂದನೆಗಳು.

ನನಗೆ ಐದೇ ನಿಮಿಷ ಎಂದು ಮೊದಲು ತಾಕೀತು ಮಾಡಿದ್ದರು. ಈಗ ನಿರೂಪಣೆ ಮಾಡುತ್ತಿರುವ ಆಶಾರಾಣಿ ಬಂದು ಕಿವಿಯಲ್ಲಿ, “ಮೇಡಂ, ಸ್ವಲ್ಪ ಎಳೀರಿ. ಗೆಸ್ಟು ಇನ್ನೂ ಟಿನ್ ಫ್ಯಾಕ್ಟರಿ ಹತ್ರಾನೇ ಇದಾರಂತೆ” ಎಂದು ಹೇಳಿಹೋದಳು. ಸಂಜೆ ಹೊತ್ತಿನಲ್ಲಿ ಟಿನ್ ಫ್ಯಾಕ್ಟರಿಯಿಂದ ಈ ಹಲಸೂರಿಗೆ ಬರುವುದೆಂದರೆ ಏನು ಎಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ನೀವೂ ಆರಾಮಾಗಿ ಕೂತುಕೊಳ್ಳಿ, ನಾನೂ ಆರಾಮಾಗಿ ಮಾತಾಡುತ್ತೇನೆ.

ನಿವೃತ್ತರಾಗುವವರಿಗೆ ಸಾಮಾನ್ಯವಾಗಿ ಯಾರೂ ವಿಷಯ ಕೊಡುವುದಿಲ್ಲ. ಎರಡು ಮಾತು ಹೇಳಿ, ಕಣ್ಣು ಒರೆಸಿಕೊಂಡು, ಹಾರ ಹಾಕಿಸಿಕೊಂಡು ಹೋಗುತ್ತಾರೆ. ನನಗೆ ಮಾತ್ರ ಶ್ರೀನಾಥ್ ಸರ್ ವಿಷಯ ಕೊಟ್ಟಿದ್ದಾರೆ: ‘ವಿಮಾನ ನಿಲ್ದಾಣದ ಪ್ರಯಾಣಿಕರ ತಪಾಸಣೆಯಲ್ಲಿ ಯಂತ್ರಗಳು ಎಷ್ಟರಮಟ್ಟಿಗೆ ಪರಿಣಾಮಕಾರಿ?’ ವಿಷಯ ಕೊಡದಿದ್ದರೆ ನಾನು ಎಲ್ಲಿಗೋ ಹೋಗಿಬಿಡುತ್ತೇನೆ ಎಂಬ ಭಯ ಅವರಿಗೆ. ಕೊಟ್ಟರೂ ಹೋಗುತ್ತೇನೆ ಸರ್, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಇಲ್ಲಿ ಹುಡುಗಿಯರ ಅಪ್ಪ ಅಮ್ಮಂದಿರೂ ಬಂದಿದ್ದಾರೆ. ಅವರಿಗಾಗಿ ಒಂದು ಮಾತು. ಇಂದಿರಾನಗರದ ನಮ್ಮ ಕೇಂದ್ರದಲ್ಲಿ ವಿಮಾನ ನಿಲ್ದಾಣ, ಮಾಲು, ಟೆಕ್ ಪಾರ್ಕುಗಳ ಭದ್ರತಾ ಕೆಲಸಕ್ಕೆ ಸೇರಬೇಕೆನ್ನುವ ಹೆಣ್ಣುಮಕ್ಕಳಿಗೆ ತರಬೇತಿ ಕೊಡುತ್ತೇವೆ. ನಾನು ಕಲಿಸುವುದು ಕೈ ತಪಾಸಣೆ. ಅಂದರೆ, ಹೆಂಗಸರ ಪರದೆಯೊಳಗೆ ಬಂದ ಪ್ರಯಾಣಿಕಳ ಮೈಯನ್ನು, ಅವಳ ಮರ್ಯಾದೆಗೆ ಕುಂದು ಬರದ ಹಾಗೆ, ಆದರೆ ಒಂದು ಬೆರಳಗಲ ಜಾಗವನ್ನೂ ಬಿಡದ ಹಾಗೆ ನೋಡುವುದು ಹೇಗೆ ಎಂಬುದು. ಇದನ್ನು ಹಲಗೆಯ ಮೇಲೆ ಬರೆದು ಕಲಿಸಲು ಆಗುವುದಿಲ್ಲ. ಬೆಳಗ್ಗೆ ನಾನು ಮೈಮೇಲೆ ಏನೇನೋ ಬಚ್ಚಿಟ್ಟುಕೊಂಡು ಬರುತ್ತೇನೆ, ಹುಡುಗಿಯರು ಸಾಲಾಗಿ ಬಂದು ಹುಡುಕುತ್ತಾರೆ. ನಿಜ ಹೇಳಬೇಕೆಂದರೆ ಇಷ್ಟು ವರ್ಷ ನಾನು ಮೇಷ್ಟರಾಗಿದ್ದಕ್ಕಿಂತ ಹೆಚ್ಚಾಗಿ ಪ್ರಯಾಣಿಕಳಾಗಿ ನಿಂತಿದ್ದೇನೆ.

ಸೋಮವಾರದಿಂದ ನಾನು ನಿಲ್ಲುವುದಿಲ್ಲ. ನನಗೆ ವಯಸ್ಸಾಯಿತು, ಅದು ಒಂದು. ಕೇಂದ್ರಕ್ಕೆ ಹೊಸ ಬಾಡಿ ಸ್ಕ್ಯಾನರ್ ಬಂದಿದೆ, ಅದು ಇನ್ನೊಂದು. ಈಗ ನನ್ನದೊಂದು ಬೇಡಿಕೆ ಇದೆ, ಅದನ್ನು ಸಭೆಯ ಮುಂದೆಯೇ ಇಡುತ್ತೇನೆ. ನಿವೃತ್ತಿಯ ನಂತರವೂ ವಾರಕ್ಕೊಂದು ದಿನ ಬಂದು ತಪಾಸಣೆಗೆ ನಿಲ್ಲಲು ನನಗೆ ಅವಕಾಶ ಕೊಡಬೇಕು. ಸಂಬಳ ಬೇಡ, ಬಸ್ಸಂತೂ ನಮ್ಮ ಹೆಂಗಸರಿಗೆ ಫ್ರೀ. ಕಳೆದ ವಾರ ಕೇಳಿದಾಗ ಸರ್, “ನೋಡೋಣ ಮೇಡಂ, ಫಂಕ್ಷನ್ ಮುಗೀಲಿ” ಎಂದಿದ್ದರು. ಫಂಕ್ಷನ್ ಮುಗಿಯುವುದರೊಳಗೆ ಅವರ ಮನಸ್ಸು ಒಲಿಸುವುದು ನನ್ನ ಇವತ್ತಿನ ಕೆಲಸ.

ಹಾಗಂತ ನಾನು ಯಂತ್ರವನ್ನು ಬೈಯುತ್ತೇನೆ ಎಂದುಕೊಳ್ಳಬೇಡಿ. ಬಾಗಿಲ ಚೌಕಟ್ಟಿನಂಥ ಹಳೆಯ ಮೆಟಲ್ ಡಿಟೆಕ್ಟರ್ ಇದೆಯಲ್ಲ, ಅದಕ್ಕೆ ಗೊತ್ತಿರುವುದು ಲೋಹ ಒಂದೇ. ಕಾಲುಂಗುರಕ್ಕೂ ಕಿರುಚುತ್ತದೆ, ಚಾಕುವಿಗೂ ಕಿರುಚುತ್ತದೆ. ಪ್ಲಾಸ್ಟಿಕ್ ಚಾಕು ಹಿಡಿದು ಹೋದರೆ ಗಪ್‌ಚಿಪ್ಪಾಗಿ ದಾರಿ ಬಿಡುತ್ತದೆ. ಬ್ಯಾಗಿನ ಎಕ್ಸ್‌ರೇ ಅದಕ್ಕಿಂತ ಬುದ್ಧಿವಂತ. ಲೋಹಕ್ಕೆ ನೀಲಿ ಬಣ್ಣ, ತಿಂಡಿ, ಬಟ್ಟೆ, ಸೋಪಿನಂಥವಕ್ಕೆ ಕಿತ್ತಳೆ ಬಣ್ಣ ಎಂದು ಬೇರೆ ಮಾಡಿ ತೋರಿಸುತ್ತದೆ. ನೋಡುವವರು ತೂಕಡಿಸಬಾರದೆಂದು ಆಗಾಗ ಬ್ಯಾಗಿನಲ್ಲಿ ಇಲ್ಲದ ಪಿಸ್ತೂಲಿನ ಚಿತ್ರವನ್ನು ತಾನೇ ತೂರಿಸಿ ಪರೀಕ್ಷೆ ಮಾಡುತ್ತದೆ. ಇದೇ ಆಶಾರಾಣಿ ಮೊದಲ ದಿನ ಆ ಸುಳ್ಳು ಪಿಸ್ತೂಲು ನೋಡಿ, “ಗನ್ನು! ಮೇಡಂ, ಗನ್ನು!” ಎಂದು ಕುರ್ಚಿಯಿಂದ ಎದ್ದು ಓಡಿಯೇಹೋಗಿದ್ದಳು. ಹಿಡಿಯಬೇಕಾದವಳೇ ಓಡಿದರೆ ಹೇಗಮ್ಮ ಎಂದು ಎಲ್ಲರೂ ನಕ್ಕೆವು.

ಈಗ ಬಂದಿರುವ ಬಾಡಿ ಸ್ಕ್ಯಾನರ್ ಇವೆಲ್ಲದರ ಯಜಮಾನ. ಗಾಜಿನ ಗೂಡಿನೊಳಗೆ ಹೋಗಿ, ಪಾದದ ಗುರುತಿನ ಮೇಲೆ ನಿಂತು, ಎರಡೂ ಕೈ ಎತ್ತಬೇಕು. ಅದು ಬೀಸುವ ಅಲೆಗಳು ಬಟ್ಟೆಯನ್ನು ದಾಟಿ, ಮೈಗೆ ತಾಗಿ ವಾಪಸ್ ಬರುತ್ತವೆ. ಕಂಪ್ಯೂಟರ್ ಪರದೆಯ ಮೇಲೆ ನಿಮ್ಮ ಚಿತ್ರ ಬರುವುದಿಲ್ಲ, ಹೆದರಬೇಡಿ. ಬರೀ ಒಂದು ಗೊಂಬೆಯ ಗೆರೆ. ಯಾರು ನಿಂತರೂ ಅದೇ ಗೊಂಬೆ. ಅನುಮಾನ ಬಂದ ಕಡೆ ಹಳದಿ ಚೌಕ, ಅನುಮಾನವಿಲ್ಲದಿದ್ದರೆ ಪರದೆ ಪೂರ್ತಿ ಹಸಿರು.

ಅದನ್ನು ಪರೀಕ್ಷೆ ಮಾಡಲು ನಿಂತವಳು ನಾನೇ. ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಇನಾಯತ್ ಉಲ್ಲಾ ಸಾಬರು ಅಂತ ನಮ್ಮ ಟೈಲರು. ನನ್ನ ಪಾಠದ ಸಲ್ವಾರ್ ಕಮೀಜುಗಳಿಗೆಲ್ಲ ಕಳ್ಳಜೇಬು ಹೊಲಿದುಕೊಡುವವರು ಅವರೇ. ಮೊದಲ ಸಲ ಹೋದಾಗ, “ಇಷ್ಟೊಂದು ಜೇಬು ಯಾಕೆ ಮೇಡಂ? ನಮ್ದುಕೆ ಪೊಲೀಸ್ ಗಿಲೀಸ್ ಬರಲ್ಲ ತಾನೆ?” ಎಂದು ಕೇಳಿದ್ದರು. ಆಮೇಲೆ ಅವರಿಗೂ ಹುಮ್ಮಸ್ಸು ಬಂತು. “ಈ ಸಾರಿ ನೋಡಿ ಮೇಡಂ, ಪಟ್ಟಿ ಒಳಗೆ ಪಟ್ಟಿ ಇಟ್ಟಿದೀನಿ. ನಿಮ್ ಹುಡ್ಗೀರು ಸಿಕ್ಕಲ್ಲ ಅಂತಾರೆ” ಎಂದು ಸವಾಲು ಹಾಕುತ್ತಿದ್ದರು. ಅಳತೆ ಮಾತ್ರ ತೆಗೆಯುತ್ತಿರಲಿಲ್ಲ. “ಹಳೇ ಡ್ರೆಸ್ ಒಂದು ಕೊಟ್ಬಿಡಿ, ಸಾಕು” ಎನ್ನುತ್ತಿದ್ದರು. ಮರ್ಯಾದಸ್ಥರು.

ಆ ಹೊಸ ಡ್ರೆಸ್ಸು ಹಾಕಿಕೊಂಡು, ಪ್ಲಾಸ್ಟಿಕ್ ಚಾಕು, ಮೈದಾ ಹಿಟ್ಟಿನ ಪೊಟ್ಟಣ, ಮೇಣದ ತುಂಡು ಎಲ್ಲ ಬಚ್ಚಿಟ್ಟುಕೊಂಡು ಗೂಡಿನೊಳಗೆ ನಿಂತೆ. ಯಂತ್ರದ ಕಂಪನಿಯಿಂದ ಬಂದ ಕಿರಣಕುಮಾರ ಬಟನ್ ಒತ್ತಿದ. ನಾನು ಉಸಿರು ಬಿಡುವಷ್ಟರಲ್ಲಿ ಎಲ್ಲವನ್ನೂ ಹಿಡಿಯಿತು. ಸಾಬರ ಪಟ್ಟಿಯೊಳಗಿನ ಪಟ್ಟಿಯನ್ನೂ ಹಿಡಿಯಿತು. ನಮ್ಮ ಹುಡುಗಿಯರು ತಡಕಾಡಿ ತಡಕಾಡಿ ಬಿಟ್ಟುಬಿಡುತ್ತಿದ್ದದ್ದನ್ನು ಅದು ಬಿಡಲಿಲ್ಲ. ಪರಿಣಾಮಕಾರಿಯೋ ಅಲ್ಲವೋ ಎಂದು ಕೇಳಿದಿರಲ್ಲ ಸರ್, ಪರಿಣಾಮಕಾರಿ. ಹೊಟ್ಟೆಕಿಚ್ಚಾಗುವಷ್ಟು ಪರಿಣಾಮಕಾರಿ.

ಆದರೆ ಮುಂದೆ ಕೇಳಿ. ಏನೂ ಇಟ್ಟುಕೊಳ್ಳದೆ ಸೀರೆ ಉಟ್ಟು ನಿಂತೆ. ನೆರಿಗೆಯ ಹತ್ತಿರ ಹಳದಿ ಚೌಕ. ನೆರಿಗೆ ಸರಿಮಾಡಿಕೊಂಡು ನಿಂತೆ. ತುರುಬಿನ ಮೇಲೆ ಹಳದಿ ಚೌಕ. ಬಸ್ಸು ಹಿಡಿಯಲು ಓಡಿಬಂದು ಬೆವೆತವಳನ್ನು ನಿಲ್ಲಿಸಿದರೆ ಬೆನ್ನಿನ ಮೇಲೂ ಬರುತ್ತದೆ. ಆಗ ಏನು ಮಾಡಬೇಕು? ಪರದೆಯೊಳಗೆ ಕರೆದು ಕೈಯಿಂದಲೇ ನೋಡಬೇಕು. ಎಲ್ಲಿ ಇದೆ ಎಂದು ಯಂತ್ರ ಹೇಳುತ್ತದೆ, ಅದು ಏನು ಎಂದು ಕೈ ಹೇಳಬೇಕು. ಅದು ಬರೀ ನೆರಿಗೆಯೋ, ಹೊಟ್ಟೆಯ ಮೇಲಿನ ಆಪರೇಷನ್ ಗಾಯವೋ, ದೇವರ ಪ್ರಸಾದದ ಗಂಟೋ ಎಂಬುದನ್ನು ಹಳದಿ ಚೌಕ ಹೇಳಬಲ್ಲದೇ? ಹೇಳಲಾರದು.

ಈ ಮಾತನ್ನು ನಾನು ಸರ್ ಮುಂದೆ ಆಡಿದಾಗ ಅವರು ನಕ್ಕು, “ಅದಕ್ಕೇ ಬೊಂಬೆ ತರಿಸಿದೀನಲ್ಲ ಮೇಡಂ” ಎಂದರು. ಹೌದು ಸಭಿಕರೇ, ನನ್ನ ಜಾಗಕ್ಕೆ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಿಂದ ಒಂದು ಬೊಂಬೆ ಬಂದಿದೆ. ನನಗಿಂತ ಎತ್ತರ, ನನಗಿಂತ ಬಿಳುಪು, ಸೊಂಟವಂತೂ ಕೇಳಲೇಬೇಡಿ. ಎಡಗೈಯ ಎರಡು ಬೆರಳು ಮುರಿದಿವೆ, ಅದೊಂದೇ ನನಗೆ ಸಮಾಧಾನ. ಅದರ ಭುಜ ಮುಟ್ಟಿ ನೋಡಿದೆ. ಅದು ಬೆಚ್ಚುವುದಿಲ್ಲ, ನಾಚುವುದಿಲ್ಲ, ನಗುವುದಿಲ್ಲ. ಅದರ ಮೇಲೆ ಕಲಿತ ಹುಡುಗಿ ನಾಳೆ ಜೀವ ಇರುವ ಹೆಂಗಸನ್ನು ಹೇಗೆ ಮುಟ್ಟುತ್ತಾಳೆ?

ಮುಟ್ಟುವುದು ಕಷ್ಟ. ನಮ್ಮ ಯಂಕಮ್ಮನನ್ನೇ ನೋಡಿ. ಯಾದಗಿರಿ ಕಡೆಯ ಹುಡುಗಿ, ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಅಪ್ಪ ಚಂದ್ರಾಮಪ್ಪನವರ ಜೊತೆ ಇದ್ದಾಳೆ. ಮೊದಲ ದಿನ ನನ್ನ ಮುಂದೆ ನಿಂತು ಕೈ ಚಾಚಿದವಳು ಹಾಗೇ ನಿಂತುಬಿಟ್ಟಳು. “ಮೇಡಂರೀ, ನಂಗ ನಾಚ್ಕಿ ಬರ್ತದ್ರೀ. ನಮ್ಮವ್ವನ್ನೂ ನಾ ಹಿಂಗ ಮುಟ್ಟಿಲ್ಲರೀ” ಎಂದಳು. ನಾನು ಹೇಳಿದೆ, ಮೊದಲು ನಿನ್ನ ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೋ. ಎ.ಸಿ. ಹಾಕಿದ ಕಡೆ ತಣ್ಣನೆಯ ಕೈ ಇಟ್ಟರೆ ಪ್ರಯಾಣಿಕಳಿಗೆ ಅವಮಾನ ಆದ ಹಾಗೆ ಆಗುತ್ತದೆ. ಅವಳ ಮುಖ ನೋಡಿ, ‘ಚೆಕ್ ಮಾಡ್ತೀನಿ ಮೇಡಂ’ ಎಂದು ಹೇಳು. ಆಮೇಲೆ ಮುಟ್ಟು. ಮೈಯ ಸೂಕ್ಷ್ಮ ಜಾಗಗಳಿಗೆ ಅಂಗೈ ಬೇಡ, ಕೈಯ ಹಿಂಭಾಗ ಸಾಕು. ಇವತ್ತು ಯಂಕಮ್ಮನ ಕೈ ಹೇಗಿದೆ ಎಂದರೆ, ಅವಳು ಬೆನ್ನು ನೋಡುವಾಗ ನನಗೆ ನಿದ್ದೆ ಬರುತ್ತದೆ.

ನಾನು ಇದನ್ನು ಕಲಿತದ್ದು ನಮ್ಮ ಯಜಮಾನರ ಮೇಲೆ. ನಗಬೇಡಿ. ಹೆಂಗಸರನ್ನು ಹೆಂಗಸರೇ ನೋಡಬೇಕು, ನಿಜ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ನನಗೆ ಅಭ್ಯಾಸಕ್ಕೆ ಬೇರೆ ಯಾರಿದ್ದರು? ಮದುವೆಯಾಗಿ ಹರಿಹರದಿಂದ ಬಂದು ಇದೇ ಹಲಸೂರಿನ ಒಂದು ವಠಾರದಲ್ಲಿದ್ದೆವು. ನಮಗೆ ಮಕ್ಕಳಾಗಲಿಲ್ಲ. ಶೇಖರಪ್ಪನವರು ಲೇತ್ ಮೆಷಿನ್ ಕೆಲಸ ಮುಗಿಸಿ ಬಂದು, ಕಾಫಿ ಕುಡಿದು, ಗೋಡೆಯ ಮುಂದೆ ಕೈ ಅಗಲಿಸಿ ನಿಂತುಬಿಡುತ್ತಿದ್ದರು. “ಬಾರಮ್ಮ ಆಫೀಸರ್ರೇ, ಹುಡುಕು ನೋಡೋಣ” ಎನ್ನುತ್ತಿದ್ದರು. ಅಂಗಿಯ ಮಡಿಕೆಯಲ್ಲಿ ಒಂದು ಏಲಕ್ಕಿ ಇಟ್ಟುಕೊಂಡಿರುತ್ತಿದ್ದರು. ಪಕ್ಕೆ ಮುಟ್ಟಿದರೆ ಸಾಕು ಕಚಗುಳಿ. ನಕ್ಕು ನಕ್ಕು ನೆಲಕ್ಕೆ ಕೂತುಬಿಡುತ್ತಿದ್ದರು. ವಠಾರದವರೆಲ್ಲ ಬಾಗಿಲಿಗೆ ಬಂದು, “ಏನಾಯ್ತು ಪ್ರೇಮಕ್ಕ?” ಎಂದು ಕೇಳುತ್ತಿದ್ದರು. ನಾನು ಕೆಲಸದಲ್ಲಿ ಪಳಗಿದ ಮೇಲೂ ಅವರು ನಿಲ್ಲುವುದನ್ನು ನಿಲ್ಲಿಸಲಿಲ್ಲ. ಅವರು ಹೋಗಿ ವರ್ಷಗಳೇ ಆದವು. ಎದೆನೋವು ಎಂದರು, ಆಸ್ಪತ್ರೆಗೆ ಹೋಗುವ ಆಟೋದಲ್ಲೇ ಮುಗಿಯಿತು. ನಾನು ಇನ್ನೂ ಅದೇ ವಠಾರದಲ್ಲಿದ್ದೇನೆ.

ಎಲ್ಲಿಗೋ ಹೋದೆ. ಯಂತ್ರಗಳ ವಿಷಯ. ಯಂತ್ರಕ್ಕೆ ಒಂದು ದೊಡ್ಡ ಅನುಕೂಲ ಇದೆ. ಕೆಲಸ ಮುಗಿದ ಮೇಲೆ ಅದನ್ನು ಆಫ್ ಮಾಡಬಹುದು. ನನ್ನ ಕೈಯನ್ನು ಆಫ್ ಮಾಡಲು ಬರುವುದಿಲ್ಲ. ಕೆ.ಆರ್. ಪುರದ ಒಂದು ಛತ್ರದಲ್ಲಿ ನಮ್ಮ ತಮ್ಮ ರವಿಕಿರಣನ ಮಗಳ ಮದುವೆ. ನಮ್ಮ ದೊಡ್ಡತ್ತೆ ಬಹಳ ದಿನದ ಮೇಲೆ ನೋಡಿ, “ಬಾರೇ ತಾಯಿ” ಎಂದು ಗಟ್ಟಿಯಾಗಿ ಅಪ್ಪಿಕೊಂಡರು. ನಾನೂ ಅಪ್ಪಿಕೊಂಡೆ. ಆದರೆ ನನ್ನ ಕೈಗಳು ತಮ್ಮ ಪಾಡಿಗೆ ತಾವು ಭುಜದಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ ಇಳಿದು ಅಲ್ಲಿ ನಿಂತುಬಿಟ್ಟವು. ಬಾಯಿ ತಾನಾಗಿಯೇ, “ಇದೇನು ಮೇಡಂ, ತೆಗೆದು ತೋರಿಸಿ” ಎಂದಿತು! ಅತ್ತೆ ಕಕ್ಕಾಬಿಕ್ಕಿಯಾಗಿ ಸೊಂಟದಿಂದ ನಶ್ಯದ ಡಬ್ಬಿ ತೆಗೆದು ತೋರಿಸಿದರು. ಮನೆಯವರಿಗೆ ಯಾರಿಗೂ ಗೊತ್ತಿರದ ನಶ್ಯ. ಛತ್ರವೆಲ್ಲ ಬಿದ್ದು ಬಿದ್ದು ನಕ್ಕಿತು, ಮದುಮಗಳೂ ನಕ್ಕಳು, ನಾನೂ ನಕ್ಕೆ.

ಅಂದಿನಿಂದ ನಮ್ಮ ಬಳಗದಲ್ಲಿ ಅದೊಂದು ಆಟವಾಗಿದೆ. ನಾನು ಯಾವ ಸಮಾರಂಭಕ್ಕೆ ಹೋದರೂ, “ಪ್ರೇಮಕ್ಕ ಬಂದ್ಲು, ಜೇಬು ಖಾಲಿ ಮಾಡ್ಕೊಳ್ರಪ್ಪೋ” ಎಂದು ಕೂಗುತ್ತಾರೆ. ಎಲ್ಲರೂ ಕೈ ಮೇಲೆತ್ತಿ ದೂರ ನಿಲ್ಲುತ್ತಾರೆ. ಚಿಕ್ಕ ಮಕ್ಕಳೂ ನಿಲ್ಲುತ್ತವೆ. ಪ್ರೀತಿಯಿಂದಲೇ ಮಾಡುತ್ತಾರೆ, ನಾನೂ ನಗುತ್ತೇನೆ. ಆದರೆ ಆ ಮದುವೆಯ ನಂತರ ನನ್ನನ್ನು ಯಾರೂ ಅಪ್ಪಿಕೊಂಡಿಲ್ಲ.

ಇರಲಿ. ಪರಿಣಾಮಕಾರಿತನದ ಬಗ್ಗೆ ನಾನು ಸ್ವಂತ ಖುಷಿಯಿಂದ ಒಂದು ಪರೀಕ್ಷೆಯನ್ನೂ ಮಾಡಿದ್ದೇನೆ, ಅದನ್ನು ಹೇಳಿ ಮುಗಿಸುತ್ತೇನೆ. ಭಾನುವಾರ ಕ್ಲಾಸು ಇರುವುದಿಲ್ಲ. ಅವತ್ತು ನಾನು ಒಂದು ಮಾಲಿಗೆ ಹೋಗುತ್ತೇನೆ. ಕೊಳ್ಳಲು ಏನೂ ಇಲ್ಲ. ನಾವು ಕಲಿಸಿ ಕಳಿಸಿದವರು ಹೇಗೆ ಕೆಲಸ ಮಾಡುತ್ತಿದ್ದಾರೆ ಎಂದು ನೋಡಲು. ಹೆಂಗಸರ ಪರದೆಯೊಳಗೆ ನಿಲ್ಲುತ್ತೇನೆ, ನೋಡುತ್ತಾರೆ, ಒಳಗೆ ಹೋಗುತ್ತೇನೆ. ಇನ್ನೊಂದು ಬಾಗಿಲಿನಿಂದ ಹೊರಗೆ ಬಂದು ಮತ್ತೆ ಬಂದು ನಿಲ್ಲುತ್ತೇನೆ. ಒಂದೇ ಸಲ ನೋಡಿದರೆ ಪರೀಕ್ಷೆ ಆಗುವುದಿಲ್ಲವಲ್ಲ? ಒಮ್ಮೆ ಅಲ್ಲಿದ್ದವಳು ನಮ್ಮ ಹಳೆಯ ವಿದ್ಯಾರ್ಥಿನಿ ಗಂಗಾ. ಚೆನ್ನಾಗಿ ನೋಡಿದಳು, ಹೇಳಿಕೊಟ್ಟ ಹಾಗೇ. ಎರಡನೇ ಸಲ ಹೋದಾಗ, “ಮೇಡಂ, ಈಗ ತಾನೇ ಬಂದಿದ್ರಲ್ಲ?” ಎಂದಳು. ಏನೋ ಮರೆತಿದ್ದೆ ಎಂದೆ. ಮೂರನೇ ಸಲವೂ ಹೋದೆ. ನನ್ನ ಭುಜದ ಮೇಲೆ ಕೈ ಇಟ್ಟು, “ಮೇಡಂ, ಊಟ ಆಯ್ತಾ?” ಎಂದಳು. ಆಯ್ತು ಎಂದು ಸುಳ್ಳು ಹೇಳಿ ಬಂದುಬಿಟ್ಟೆ.

ಈಗ ಆ ಮಾಲಿನಲ್ಲೂ ಪರದೆ ತೆಗೆದಿದ್ದಾರೆ. ಒಂದು ಚೌಕಟ್ಟು ನಿಲ್ಲಿಸಿದ್ದಾರೆ. ‘ಹೋಗಿ ಮೇಡಂ, ಹೋಗಿ’ ಎನ್ನುತ್ತಾರೆ.

ಯಾಕೆ ಎಲ್ಲರೂ ಹಾಗೆ ನೋಡುತ್ತಿದ್ದೀರಿ? ನಾನು ತಮಾಷೆಗೆ ಹೇಳಿದ್ದು. ಶುರುವಂತೂ ತಮಾಷೆಗೇ ಮಾಡಿದೆ.

ಶ್ರೀನಾಥ್ ಸರ್, ನೀವು ತಲೆ ಬಗ್ಗಿಸಬೇಡಿ, ನಿಮ್ಮದೇನೂ ತಪ್ಪಿಲ್ಲ. ಆ ಪರೀಕ್ಷೆಯ ದಿನದ ಒಂದು ಮಾತು ಬಿಟ್ಟುಬಿಟ್ಟೆ, ಅದನ್ನೂ ಹೇಳಿಬಿಡುತ್ತೇನೆ. ಎಲ್ಲ ಮುಗಿದ ಮೇಲೆ ಕಿರಣಕುಮಾರ, “ಕೊನೇದಾಗಿ ಒಂದ್ಸಲ ನಿಂತ್ಬಿಡಿ ಮೇಡಂ” ಎಂದ. ತುರುಬು ಬಿಚ್ಚಿ, ಬೆವರು ಒರೆಸಿ, ಕೈ ಎತ್ತಿ ನಿಂತೆ. ಪರದೆ ಪೂರ್ತಿ ಹಸಿರಾಯಿತು. ಆ ಹುಡುಗ ಖುಷಿಯಿಂದ, “ಕ್ಲಿಯರ್ ಮೇಡಂ! ನಿಮ್ಮತ್ರ ಏನೂ ಇಲ್ಲ” ಎಂದ. ಅವನು ಯಂತ್ರದ ಮಾತು ಹೇಳಿದ. ನಾನು ಬಸ್ ಸ್ಟಾಪಿನಲ್ಲಿ ನಿಂತು ಅತ್ತೆ. ಜನ ಗಿಜಿಗಿಜಿ ಎನ್ನುವ ಈ ಊರಿನಲ್ಲಿ, ಬಸ್ಸಿನಲ್ಲಿ ತಳ್ಳುತ್ತಾರೆ, ಮೆಟ್ರೋದಲ್ಲಿ ಒತ್ತುತ್ತಾರೆ. ತಳ್ಳುವುದು ಬೇರೆ, ಮುಟ್ಟುವುದು ಬೇರೆ. ನನ್ನ ಮುಖ ನೋಡಿ, ಕೈ ಬೆಚ್ಚಗೆ ಮಾಡಿಕೊಂಡು, ಹೇಳಿ ಮುಟ್ಟುತ್ತಿದ್ದವರು ಈ ಹುಡುಗಿಯರು ಮಾತ್ರ. ಅವರಿಗೆ ಅದು ಪಾಠ. ನನಗೆ ಅದು ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಆಶಾರಾಣಿ ಕೈಸನ್ನೆ ಮಾಡುತ್ತಿದ್ದಾಳೆ. ಕೆಂಪರಾಜ್ ಅವರ ಕಾರು ಕೆಳಗೆ ಬಂತಂತೆ. ಬರಲಿ, ಸಂತೋಷ.

ಸರ್, ವಾರಕ್ಕೊಂದು ದಿನದ ಬೇಡಿಕೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಪ್ರಯಾಣಿಕರ ಸುರಕ್ಷತೆಗಾಗಿ ಎಂದು ಹೇಳಿ ಕೇಳಿದ್ದೆ. ಸುರಕ್ಷತೆಗೆ ನಿಮ್ಮ ಯಂತ್ರ ಇದೆ, ಕಲಿಯುವುದಕ್ಕೆ ಬೊಂಬೆ ಇದೆ, ಹುಡುಗಿಯರು ಜಾಣರು, ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಿಕೊಳ್ಳುತ್ತಾರೆ. ನಾನು ಕೇಳಿದ್ದು ನನಗಾಗಿ. ಭದ್ರತೆಯ ಹೆಸರಿನಲ್ಲಿ ಸ್ವಂತಕ್ಕೆ ಕೇಳಬಾರದು. ಅದನ್ನೂ ನಾನೇ ಈ ಮಕ್ಕಳಿಗೆ ಕಲಿಸಿದ್ದು.

ಅದರ ಬದಲು ಸ್ವಂತಕ್ಕೆ ಎಂದೇ ಹೇಳಿ ಒಂದು ಕೇಳುತ್ತೇನೆ. ಯಂಕಮ್ಮ, ಎದ್ದು ಬಾರಮ್ಮ. ವೇದಿಕೆಯ ಪಕ್ಕದಲ್ಲಿ ಪರದೆ ಇದೆ, ಅದರ ಹಿಂದೆ ಹೋಗೋಣ. ಕೊನೆಯದಾಗಿ ಒಂದು ಸಲ ನನ್ನನ್ನು ತಪಾಸಣೆ ಮಾಡು. ಇವತ್ತು ನಾನು ಏನನ್ನೂ ಬಚ್ಚಿಟ್ಟುಕೊಂಡಿಲ್ಲ, ಹುಡುಕಿ ಸುಸ್ತಾಗಬೇಡ. ಅತಿಥಿಗಳಿಗೆ ಅಷ್ಟರಲ್ಲಿ ಯಾರಾದರೂ ಕಾಫಿ ಕೊಡಿ.

ಇಷ್ಟು ಹೊತ್ತು ನನ್ನ ಮಾತು ಕೇಳಿದ ನಿಮಗೆಲ್ಲ, ಇಷ್ಟು ವರ್ಷ ಅನ್ನ ಕೊಟ್ಟ ಈ ಸಂಸ್ಥೆಗೆ, ನನ್ನ ಮುಂದೆ ನಿಂತು ನಾಚಿದ, ನಕ್ಕ, ಕಲಿತ ಅಷ್ಟೂ ಹುಡುಗಿಯರಿಗೆ ನಾನು ಋಣಿ. ಬಾ ಯಂಕಮ್ಮ. ನಿಧಾನವಾಗಿ ಮಾಡು ತಾಯಿ. ನಾನು ಹಿಡಿಯಬೇಕಾದ ವಿಮಾನ ಯಾವುದೂ ಇಲ್ಲ.

ನಮಸ್ಕಾರ.